ಸೌಟು ಕೊಟ್ಟಿರಿ, ಯೋಚನೆ ಕೊಡಲಿಲ್ಲ

ಪ್ರಶ್ನೆ: ನನಗೆ 41 ವರ್ಷ. ಗಂಡ, ನಾನು ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. 13 ಮತ್ತು 9 ವರ್ಷದ ಇಬ್ಬರು ಹೆಣ್ಣುಮಕ್ಕಳು. ಮದುವೆಯಾದಾಗಿನಿಂದ, ಅಂದರೆ 15 ವರ್ಷ, ರಾತ್ರಿ ಅಡುಗೆ ಪೂರ್ತಿ ನನ್ನದೇ. ಅಡುಗೆ ಅಂದರೆ ನನಗೆ ಬೇಸರವೇನಿಲ್ಲ. ಆದರೆ ದಿನಾ ಸುಸ್ತಾಗಿ ಬಂದು 'ಇವತ್ತೇನು ಮಾಡೋದು' ಅಂತ ತಲೆ ಕೆಡಿಸಿಕೊಳ್ಳೋದು ಸಾಕಾಗಿಹೋಗಿತ್ತು. ಎರಡು ತಿಂಗಳ ಹಿಂದೆ ಇದನ್ನು ಹೇಳಿದೆ. ಗಂಡ ಮರುಮಾತಿಲ್ಲದೆ ಸೋಮವಾರ, ಬುಧವಾರ, ಶುಕ್ರವಾರ ತಾವು ಮಾಡುತ್ತೇನೆ ಅಂದರು. ತಪ್ಪದೆ ಮಾಡುತ್ತಲೂ ಇದ್ದಾರೆ. ಆದರೆ ಸಂಜೆ 5ಕ್ಕೆ ಸರಿಯಾಗಿ ಮೆಸೇಜ್: 'ಏನು ಮಾಡ್ಲಿ?' ಆಮೇಲೆ 'ಆ ಡಬ್ಬಿ ಎಲ್ಲಿದೆ', 'ಉಪ್ಪು ಎಷ್ಟು ಹಾಕ್ಲಿ'. ಮಾಡೋದು ಎರಡೇ ಎರಡು ಅಡುಗೆ, ತಿರುಗಿಸಿ ಮುರುಗಿಸಿ ಅವೇ. ಊಟ 9ಕ್ಕೆ. ಅಡುಗೆಮನೆ ನೋಡೋ ಹಾಗಿರುವುದಿಲ್ಲ. ಮಿಕ್ಕ ಅನ್ನ ರಾತ್ರಿಯಿಡೀ ಹೊರಗೇ ಇರುತ್ತದೆ. ಮಕ್ಕಳು 'ಇವತ್ತು ಅಪ್ಪನ ಅಡುಗೆನಾ' ಅಂತ ಮುಖ ಸಿಂಡರಿಸುತ್ತಾರೆ. ಕಳೆದ ಬುಧವಾರ ತಡೆಯಲಾಗದೆ ಅವರ ಕೈಯಿಂದ ಸೌಟು ಕಿತ್ತುಕೊಂಡು ನಾನೇ ಮಾಡಿದೆ. 'ನಿನಗೆ ಬೇಕಾಗಿರೋದು ಸಹಾಯ ಅಲ್ಲ, ನಿನ್ನ ಥರಾನೇ ಇರೋ ಇನ್ನೊಬ್ಬಳು' ಅಂದರು. ಆ ಮಾತು ತುಂಬಾ ಚುಚ್ಚಿತು. ಎಲ್ಲವನ್ನೂ ಮತ್ತೆ ನಾನೇ ವಹಿಸಿಕೊಂಡರೆ ಮನೆಯಲ್ಲಿ ನೆಮ್ಮದಿಯಾದರೂ ಇರುತ್ತದೆ ಅಲ್ವಾ?

ಉತ್ತರ: ಬೇಡ, ವಾಪಸ್ ತೆಗೆದುಕೊಳ್ಳಬೇಡಿ. ಹಾಗೆ ಮಾಡಿದರೆ ಒಂದು ತಿಂಗಳು ನೆಮ್ಮದಿ ಇರಬಹುದು. ಆಮೇಲೆ ಇನ್ನೊಮ್ಮೆ ಕೇಳಲು ನಿಮಗೆ ಬಾಯಿ ಬರುವುದಿಲ್ಲ. ಕೇಳಿದರೂ 'ಅವತ್ತು ಮಾಡಿದ್ನಲ್ಲ, ನಿನಗೇ ಸರಿ ಬರ್ಲಿಲ್ಲ' ಅನ್ನುವ ಉತ್ತರ ಸಿದ್ಧವಾಗಿರುತ್ತದೆ. ಹಾಗಂತ ಈಗಿರುವ ಹಾಗೇ ಎಳೆದುಕೊಂಡು ಹೋಗಿ ಅಂತಲೂ ನಾನು ಹೇಳುವುದಿಲ್ಲ.

ನಿಮ್ಮ ಪತ್ರದಲ್ಲೇ ಇರುವ ಒಂದು ವಿಷಯ ನೋಡಿ. ನಿಮಗೆ ಸಾಕಾಗಿದ್ದು ಅಡುಗೆ ಅಲ್ಲ, 'ಏನು ಮಾಡೋದು' ಅನ್ನುವ ಯೋಚನೆ. ಗಂಡನಿಗೆ ಕೊಟ್ಟಿದ್ದು ಮಾತ್ರ ಅಡುಗೆ. ಯೋಚನೆ ನಿಮ್ಮ ಹತ್ತಿರವೇ ಉಳಿಯಿತು. ಅಷ್ಟೇ ಅಲ್ಲ, ಜಾಸ್ತಿಯೇ ಆಯಿತು. ಮೊದಲು ನಿಮ್ಮೊಳಗೇ ನಡೆಯುತ್ತಿದ್ದ ಲೆಕ್ಕಾಚಾರವನ್ನು ಈಗ ಮೆಸೇಜಿನಲ್ಲಿ ಇನ್ನೊಬ್ಬರಿಗೆ ಬಿಡಿಸಿ ಹೇಳಬೇಕು, ಅದೂ ಆಫೀಸ್ ಕೆಲಸದ ನಡುವೆ.

ಆಲಿಸನ್ ಡ್ಯಾಮಿಂಜರ್ ಅನ್ನುವ ಸಮಾಜಶಾಸ್ತ್ರಜ್ಞೆ ಈ ಕಣ್ಣಿಗೆ ಕಾಣದ ಕೆಲಸದ ಬಗ್ಗೆಯೇ 35 ಜೋಡಿಗಳನ್ನು ಮಾತಾಡಿಸಿ 2019ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮನೆಗೆಲಸದ ಯೋಚನೆಯನ್ನು ಅವರು ನಾಲ್ಕಾಗಿ ಒಡೆದು ನೋಡುತ್ತಾರೆ. ಏನು ಬೇಕಾಗುತ್ತದೆ ಅಂತ ಮೊದಲೇ ಊಹಿಸುವುದು, ಅದಕ್ಕೆ ಏನೇನು ದಾರಿ ಇದೆ ಅಂತ ಹುಡುಕುವುದು, ಒಂದನ್ನು ತೀರ್ಮಾನಿಸುವುದು, ಕೊನೆಗೆ ಅದು ಸರಿಯಾಗಿ ಆಯಿತಾ ಅಂತ ಕಣ್ಣಿಟ್ಟಿರುವುದು. ಅವರು ಕಂಡಿದ್ದು ಇದು: ತೀರ್ಮಾನದ ಹಂತದಲ್ಲಿ ಗಂಡಸರೂ ಸಾಕಷ್ಟು ಇರುತ್ತಾರೆ. ಮೊದಲೇ ಊಹಿಸುವುದು ಮತ್ತು ಕೊನೆತನಕ ಕಣ್ಣಿಡುವುದು ಮಾತ್ರ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತದೆ. ನಿಮ್ಮ ಮನೆಯ ಸೋಮವಾರಗಳನ್ನು ಇದಕ್ಕೆ ಹೊಂದಿಸಿ ನೋಡಿ. ನಾಲ್ಕೂ ನಿಮ್ಮವೇ! ಅವರ ಪಾಲಿಗೆ ಬಂದಿರುವುದು ಒಲೆ ಮುಂದೆ ನಿಲ್ಲುವ ಕೆಲಸ ಒಂದೇ.

ಅವರು ಬೇಕಂತಲೇ ಹೀಗೆ ಮಾಡುತ್ತಿದ್ದಾರಾ? ಕೆಲಸ ಬರುವುದಿಲ್ಲ ಅಂತ ನಾಟಕ ಆಡಿ ಜಾರಿಕೊಳ್ಳುವವರು ಇದ್ದಾರೆ, ನಿಜ. ನಿಮ್ಮವರು ಹಾಗೆ ಕಾಣುವುದಿಲ್ಲ. ನಾಟಕ ಆಡುವವರು ಎರಡು ತಿಂಗಳು ವಾರಕ್ಕೆ ಮೂರು ದಿನ ತಪ್ಪದೆ ಒಲೆ ಹಚ್ಚುವುದಿಲ್ಲ. ಉಪ್ಪು ಎಷ್ಟು ಅಂತ ಕೇಳುವ ಗೋಜಿಗೂ ಹೋಗುವುದಿಲ್ಲ. 15 ವರ್ಷ ಆ ಅಡುಗೆಮನೆಯ ನಕ್ಷೆ ನಿಮ್ಮ ತಲೆಯಲ್ಲಿ ಮಾತ್ರ ಇತ್ತು. ಅವರಿಗೆ ಅದರ ಅಗತ್ಯ ಬೀಳಲಿಲ್ಲ. ತಿಳಿದುಕೊಳ್ಳಬೇಕು ಅಂತ ಅವರಿಗೆ ಅನ್ನಿಸಲೂ ಇಲ್ಲ, ಅದು ಅವರ ತಪ್ಪೇ. ಆದರೆ ಆ ತಪ್ಪು ತಿದ್ದಿಕೊಳ್ಳುವಂಥದ್ದು.

ಈಗ ನೀವು ಹಂಚಿಕೊಂಡಿರುವ ರೀತಿಗೆ ಬರುತ್ತೇನೆ. ನನ್ನ ಪ್ರಕಾರ ಇಡೀ ತೊಡಕಿನ ಗಂಟು ಇಲ್ಲೇ ಇದೆ. ಸೋಮ, ಬುಧ, ಶುಕ್ರ ಅಂತ ಒಂದು ದಿನ ಬಿಟ್ಟು ಒಂದು ದಿನ ಮಾಡಿಕೊಂಡಿದ್ದೀರಿ. ಕೇಳಲು ನ್ಯಾಯವಾಗಿದೆ. ಆದರೆ ಅಡುಗೆ ದಿನ ದಿನಕ್ಕೆ ಬೇರೆ ಬೇರೆ ಮುಗಿಯುವ ಕೆಲಸವಲ್ಲ. ಇವತ್ತು ಬೇಯಿಸಿದ ಕಾಳಿನಲ್ಲಿ ಅರ್ಧ ನಾಳೆಗೆ ಬರುತ್ತದೆ. ಅರ್ಧ ಹೆಚ್ಚಿ ಇಟ್ಟ ತರಕಾರಿ ನಾಡಿದ್ದಿಗೆ ಬಾಡುತ್ತದೆ. ದಿನ ಬಿಟ್ಟು ದಿನ ಅಡುಗೆಯವರು ಬದಲಾದರೆ ಫ್ರಿಜ್‌ನಲ್ಲಿ ಏನಿದೆ, ಯಾವುದು ಮೊದಲು ಖಾಲಿಯಾಗಬೇಕು ಅನ್ನುವ ಲೆಕ್ಕ ಇಟ್ಟುಕೊಳ್ಳುವವರು ಒಬ್ಬರೇ ಆಗುತ್ತಾರೆ. ಯಾರು ಅಂತ ಹೇಳಬೇಕಾಗಿಲ್ಲ. ಅವರು 5 ಗಂಟೆಗೆ ನಿಮ್ಮನ್ನು ಕೇಳುವುದಕ್ಕೆ ಅರ್ಧ ಕಾರಣ ಇದು: ಮಂಗಳವಾರ ನೀವು ಏನು ಬಳಸಿದಿರಿ, ಏನು ಉಳಿಸಿದಿರಿ ಅಂತ ಅವರಿಗೆ ಗೊತ್ತಿಲ್ಲ.

ಅದಕ್ಕೇ ಅವರಿಗೆ ಸತತ ಮೂರು ದಿನ ಕೊಟ್ಟುಬಿಡಿ. ಸೋಮವಾರ, ಮಂಗಳವಾರ, ಬುಧವಾರ. ಆ ಮೂರು ದಿನಕ್ಕೆ ಬೇಕಾದ ಸಾಮಾನು ತರುವುದೂ ಅವರದೇ. ಭಾನುವಾರ ಅವರೇ ಫ್ರಿಜ್ ತೆಗೆದು ನೋಡಲಿ, ಅವರೇ ಪಟ್ಟಿ ಮಾಡಲಿ, ಅವರೇ ಮರೆಯಲಿ. ಸೋಮವಾರ ಈರುಳ್ಳಿ ಇಲ್ಲ ಅಂತ ಗೊತ್ತಾದರೆ ಮುಂದಿನ ಭಾನುವಾರ ತಾನಾಗಿಯೇ ನೆನಪಿರುತ್ತದೆ. ನೀವು ಶನಿವಾರವೇ ಸುಮ್ನೆ ಒಂದು ಕಿಲೋ ತಂದಿಟ್ಟರೆ ಅವರಿಗೆ ಆ ನೆನಪು ಯಾವತ್ತೂ ಬರುವುದಿಲ್ಲ.

ಪ್ರಶ್ನೆಗಳ ಕಥೆ ಏನು ಅಂತೀರಾ? ಎಲ್ಲ ಪ್ರಶ್ನೆಗಳೂ ಒಂದೇ ಅಲ್ಲ. 'ಎಲ್ಲಿದೆ' ಅನ್ನುವುದಕ್ಕೆ ಒಂದು ಶನಿವಾರ ಇಬ್ಬರೂ ಕೂತು ಡಬ್ಬಿಗಳಿಗೆ ಹೆಸರು ಬರೆದು ಅಂಟಿಸಿ. ಬರೆಯುವ ಕೈ ಅವರದ್ದಾಗಿರಲಿ. 'ಉಪ್ಪು ಎಷ್ಟು' ಅನ್ನುವುದಕ್ಕೆ ಉತ್ತರ ಅವರ ನಾಲಿಗೆಯಲ್ಲೇ ಇದೆ: ಕಡಿಮೆ ಹಾಕಿ, ರುಚಿ ನೋಡಿ, ಬೇಕಾದರೆ ಇನ್ನಷ್ಟು ಹಾಕುವುದು. ಇನ್ನು 'ಏನು ಮಾಡ್ಲಿ'. ಇದಕ್ಕೆ ಮಾತ್ರ ಉತ್ತರ ಕೊಡಬೇಡಿ. ಕೋಪದಲ್ಲಿ ಅಲ್ಲ, 'ಇವತ್ತು ನಿಮ್ಮ ದಿನ, ಏನು ಮಾಡಿದ್ರೂ ತಿಂತೀನಿ' ಅಂತ ಬರೆದು ಫೋನ್ ಪಕ್ಕಕ್ಕಿಡಿ. ಬರೆದ ಮೇಲೆ ನಿಜವಾಗಲೂ ತಿನ್ನಬೇಕು, ಗೊತ್ತಾಯ್ತಲ್ಲ?

ಎರಡೇ ಅಡುಗೆ ಅಂತ ದೂರಿದ್ದೀರಿ. ಇರಲಿ ಬಿಡಿ. ನೀವು ರೂಢಿಯಾಗಿ ಮಾಡುವ ಅಡುಗೆಗಳನ್ನೂ ಒಮ್ಮೆ ಎಣಿಸಿ ನೋಡಿ. ತುಂಬಾ ಮನೆಗಳಲ್ಲಿ ಆ ಪಟ್ಟಿ ನಾವು ಅಂದುಕೊಂಡಷ್ಟು ಉದ್ದ ಇರುವುದಿಲ್ಲ. ಅದೇ ಊಟ ಮತ್ತೆ ಬಂದರೆ ಬೇಸರ ಆಗಬಹುದು, ಯಾರ ಹೊಟ್ಟೆಗೂ ಕೆಡುಕಿಲ್ಲ. ತಮ್ಮ ಅಡುಗೆ ತಮಗೇ ಸಾಕಾದ ದಿನ ಅವರು ಮೂರನೆಯದನ್ನು ಕಲಿಯುತ್ತಾರೆ.

ಅನ್ನ ಹೊರಗೇ ಇಡುವ ವಿಷಯದಲ್ಲಿ ಮಾತ್ರ ನಾನು ಪೂರ್ತಿ ನಿಮ್ಮ ಪಕ್ಕ. ಇಲ್ಲಿ ಹೊಂದಾಣಿಕೆ ಬೇಡ. ಬೇಯಿಸಿದ ಊಟವನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಬೇಕು. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೇಗ ಬೇಗ ಹೆಚ್ಚುತ್ತವೆ. ಹದ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಅನ್ನದ್ದು ಇನ್ನೂ ಒಂದು ತೊಂದರೆ. ಅಕ್ಕಿಯಲ್ಲಿ ಇರಬಹುದಾದ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಹೊರಗಿದ್ದರೆ ಅವು ಮೊಳೆತು ವಿಷ ಬಿಡುತ್ತವೆ. ವಾಂತಿ ತರಿಸುವ ಆ ವಿಷ ಬೆಳಿಗ್ಗೆ ಎಷ್ಟು ಬಿಸಿ ಮಾಡಿದರೂ ಹೋಗುವುದಿಲ್ಲ. ಹಾಗಾಗಿ 'ಬಿಸಿ ಮಾಡಿದ್ರೆ ಆಯ್ತಲ್ಲ' ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಮಿಕ್ಕಿದ್ದನ್ನು ಅಗಲವಾದ ಪಾತ್ರೆಯಲ್ಲಿ ತೆಳ್ಳಗೆ ಹರಡಿದರೆ ಬೇಗ ಆರುತ್ತದೆ. ಫ್ರಿಜ್‌ಗೆ ಹೋದ ಊಟ ಮೂರು ನಾಲ್ಕು ದಿನದೊಳಗೆ ಮುಗಿಯಲಿ, ಅನ್ನ ಮಾತ್ರ ಮರುದಿನವೇ. ಮತ್ತೆ ಬಿಸಿ ಮಾಡುವಾಗ ಒಳಗಿನವರೆಗೂ ಹೊಗೆಯಾಡಬೇಕು, ಒಂದೇ ಸಲ. ಇದನ್ನೆಲ್ಲ ಜಗಳದ ಮಧ್ಯೆ ಹೇಳಬೇಡಿ, ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ನಿಮಗೂ ಅದೇ ನಿಯಮ.

ಹೀಗೆ ಬಿಟ್ಟುಕೊಡಲಾಗದ್ದು ಇನ್ನೊಂದಿದೆ, ಊಟದ ಹೊತ್ತು. 9 ವರ್ಷದ ಮಗು 9 ಗಂಟೆಗೆ ಊಟಕ್ಕೆ ಕೂತರೆ ಮಲಗುವುದು ಯಾವಾಗ? 8ಕ್ಕೆ ತಟ್ಟೆಯಲ್ಲಿ ಊಟ ಇರಬೇಕು ಅಂತ ಇಬ್ಬರೂ ಒಪ್ಪಿಕೊಳ್ಳಿ. 8ಕ್ಕೆ ಹೇಗೆ ತರುತ್ತಾರೆ ಅನ್ನುವುದು ಅವರಿಗೆ ಬಿಟ್ಟಿದ್ದು. ಊಟ ತಡವಾಗುವುದು ಕೈ ನಿಧಾನ ಅಂತ ಅಲ್ಲ, ಯೋಚನೆ ಶುರುವಾಗುವುದೇ ತಡ ಅಂತ. ಗಟ್ಟಿ ಕಾಳು ಬೇಯಿಸಬೇಕಾದರೆ ಬೆಳಿಗ್ಗೆಯೇ ನೆನೆಹಾಕಿರಬೇಕು. ಈ ಮುಂದಾಲೋಚನೆಯೇ ಇಷ್ಟು ದಿನ ನೀವು ಯಾರಿಗೂ ಕಾಣದ ಹಾಗೆ ಮಾಡುತ್ತಿದ್ದ ಕೆಲಸ.

ಅಡುಗೆಮನೆಯ ಅವಸ್ಥೆಗೆ ನನ್ನ ಅಭಿಪ್ರಾಯ ಸರಳ. ಮಾಡಿದವರೇ ಅವತ್ತೇ ರಾತ್ರಿ ತೊಳೆದು ಮಲಗಬೇಕು. ಒಬ್ಬರು ಮಾಡುವುದು, ಇನ್ನೊಬ್ಬರು ತೊಳೆಯುವುದು ಅನ್ನುವ ಏರ್ಪಾಟು ಕೆಲವರಿಗೆ ಇಷ್ಟ. ಆದರೆ ತೊಳೆಯುವ ಕಷ್ಟ ಗೊತ್ತಿಲ್ಲದವರು ಒಂದು ಅಡುಗೆಗೆ ಐದು ಪಾತ್ರೆ ಇಳಿಸುತ್ತಾರೆ.

ಇನ್ನು ಆ ಚುಚ್ಚಿದ ಮಾತು. ಅದರಲ್ಲಿ ಅರ್ಧ ನಿಜ ಇದೆ ಅಂತ ನಿಮಗೂ ಅನ್ನಿಸಿರಬೇಕು, ಇಲ್ಲದಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ತರಕಾರಿ ದೊಡ್ಡದಾಗಿ ಹೆಚ್ಚಿದ್ದು, ಒಲೆ ಉರಿ ಜಾಸ್ತಿ ಇಟ್ಟಿದ್ದು, ತಪ್ಪು ಪಾತ್ರೆ ತೆಗೆದುಕೊಂಡಿದ್ದು ನಿಮ್ಮ ಕಣ್ಣಿಗೆ ಬಿದ್ದೇ ಬೀಳುತ್ತದೆ. ಹಿಂದೆ ನಿಂತು ಯಾರಾದರೂ ನೋಡುತ್ತಿದ್ದರೆ ಬರುವ ಕೆಲಸವೂ ಕೈತಪ್ಪುತ್ತದೆ. ಉಳಿದರ್ಧ ಮಾತ್ರ ಅನ್ಯಾಯ. ವಿಷಯ ಸಹಾಯದ್ದು ಅಂತ ಅವರು ಇನ್ನೂ ಅಂದುಕೊಂಡಿದ್ದಾರೆ. ನಿಮಗೆ ಬೇಕಿದ್ದದ್ದು ಸಹಾಯಕರಲ್ಲ. ಮೂರು ಸಂಜೆ ತಲೆ ಖಾಲಿ ಇಟ್ಟುಕೊಂಡು ಮನೆಗೆ ಬರುವ ಅವಕಾಶ. ಇದನ್ನು ಇದೇ ಮಾತಲ್ಲಿ ಅವರಿಗೆ ಹೇಳಿ. ಸೌಟು ಕಿತ್ತುಕೊಂಡಿದ್ದಕ್ಕೆ ಕ್ಷಮೆಯನ್ನೂ ಕೇಳಿ. ಎರಡನ್ನೂ ರಜೆಯ ಬೆಳಿಗ್ಗೆ ಹೇಳಿ, ಹೊಟ್ಟೆ ಚುರುಗುಟ್ಟುವ ಸಂಜೆ 7ಕ್ಕೆ ಬೇಡ.

ಇನ್ನೂ ಒಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಮಕ್ಕಳು ಅಪ್ಪನ ಅಡುಗೆಗೆ ಮುಖ ಸಿಂಡರಿಸಿದಾಗ ನಿಮಗೆ ಒಳಗೊಳಗೇ ಸ್ವಲ್ಪ ಖುಷಿ ಆಗುತ್ತದಾ? ಆಗುತ್ತಿದ್ದರೆ ಅದು ಸಹಜ. 15 ವರ್ಷ ದಣಿದಿದ್ದಕ್ಕೆ ಸಿಕ್ಕ ಒಂದೇ ಹೊಗಳಿಕೆ 'ಅಮ್ಮನ ಕೈ ರುಚಿ' ಅಂತಾದರೆ ಅದನ್ನು ಯಾರು ಸುಲಭಕ್ಕೆ ಬಿಡುತ್ತಾರೆ? ಆದರೆ ಅವರ ಮೂರು ದಿನ ಬೇಕು ಅಂದರೆ ಇದನ್ನೂ ಸ್ವಲ್ಪ ಹಂಚಿಕೊಳ್ಳಲೇಬೇಕಾಗುತ್ತದೆ. ಆ ದಿನಗಳಲ್ಲಿ ಅಡುಗೆಮನೆಯಿಂದ ದೂರ ಇರಿ. ಸಾಧ್ಯವಾದರೆ ಮನೆಯಿಂದಲೇ ಹೊರಗೆ ಹೋಗಿ. ನಡೆದು ಬನ್ನಿ, ಸ್ನೇಹಿತೆಯ ಜೊತೆ ಹರಟಿ, 8ಕ್ಕೆ ನೇರ ಊಟಕ್ಕೆ ಬನ್ನಿ. ಒಂದು ದಿನ ಅವರು ಹೊರಗಿಂದ ಊಟ ತರಿಸಿದರೂ ಸೋಲು ಅಂತ ಎಣಿಸಬೇಡಿ. ಮನೆಯ ಖರ್ಚಿನ ಲೆಕ್ಕದೊಳಗಿದ್ದರೆ ಅದೂ ಅವರ ದಿನದ ಅವರ ತೀರ್ಮಾನ.

ಮಕ್ಕಳ ವಿಷಯದಲ್ಲಿ ಆಹಾರತಜ್ಞೆ ಎಲಿನ್ ಸ್ಯಾಟರ್ ಹೇಳಿದ ಹಂಚಿಕೆ ನನಗೆ ತುಂಬಾ ಹಿಡಿಸಿದೆ. ಏನು, ಯಾವಾಗ, ಎಲ್ಲಿ ಅನ್ನುವುದು ದೊಡ್ಡವರ ಜವಾಬ್ದಾರಿ. ತಿನ್ನಬೇಕಾ, ಎಷ್ಟು ತಿನ್ನಬೇಕು ಅನ್ನುವುದು ಮಗುವಿಗೆ ಬಿಟ್ಟಿದ್ದು. ಒತ್ತಾಯವೂ ಇಲ್ಲ, ಬದಲಿ ಅಡುಗೆಯೂ ಇಲ್ಲ. ಹೊಸ ರುಚಿ ಮಕ್ಕಳಿಗೆ ಒಂದೆರಡು ಸಲಕ್ಕೆ ಹಿಡಿಸುವುದಿಲ್ಲ, ಎಂಟು ಹತ್ತು ಸಲ ತಟ್ಟೆಗೆ ಬರಬೇಕಾಗಬಹುದು. ಅಪ್ಪನ ರುಚಿಗೂ ಅದೇ ಲೆಕ್ಕ. ನೀವು ಗುಟ್ಟಾಗಿ ಮಕ್ಕಳಿಗೆ ಬೇರೇನಾದರೂ ಮಾಡಿಕೊಟ್ಟರೆ ಎಲ್ಲ ಕೆಟ್ಟಿತು. ದೂರು ತಂದರೆ 'ಅಪ್ಪನಿಗೇ ಹೇಳು' ಅನ್ನಿ.

ದೊಡ್ಡವಳಿಗೆ 13 ಆಗಿದೆಯಲ್ಲ, ವಾರದಲ್ಲಿ ಒಂದು ಸಂಜೆ ಅವಳಿಗೂ ಕೊಡಿ. ಅವಳು ತೀರ್ಮಾನಿಸಿದ್ದನ್ನೇ ಎಲ್ಲರೂ ತಿನ್ನಲಿ. ಮೊದಮೊದಲು ಒಲೆ ಹತ್ತಿರ ದೊಡ್ಡವರೊಬ್ಬರು ಇರಬೇಕು. ಆ ದೊಡ್ಡವರು ನೀವಾಗುವುದು ಬೇಡ, ಅವಳ ಅಪ್ಪನೇ ನಿಲ್ಲಲಿ.