ಬೋರು ಫೇಲಾದ ಮನೆಯಲ್ಲಿ ಭೂವಿಜ್ಞಾನ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಹುಡುಗಿಗೆ 21. ಚಿತ್ರದುರ್ಗದ ಹತ್ತಿರದ ಹಳ್ಳಿ. ಬಿಎಸ್ಸಿಯಲ್ಲಿ ಭೂವಿಜ್ಞಾನ ಇತ್ತು, ಮುಂದೆ ಅದರಲ್ಲೇ ಎಂಎಸ್ಸಿ ಮಾಡುವ ಹಠ. ಅಪ್ಪನಿಗೆ ಬಿಎಡ್ ಸಾಕು. ಎರಡು ತಿಂಗಳಿಂದ ಇಬ್ಬರಿಗೂ ಮಾತಿಲ್ಲ.

ಸಲಹೆ ಕೇಳಿ ನನ್ನ ಬಳಿ ಬಂದರು. ಮೊದಲ ಸಲ ಇಬ್ಬರನ್ನೂ ಒಟ್ಟಿಗೆ ಕೂರಿಸಿದೆ. ತಪ್ಪು ನನ್ನದೇ, ಸೀದಾ ಕೆಲಸದ ಲೆಕ್ಕಕ್ಕೆ ಇಳಿದೆ. ಯುಪಿಎಸ್ಸಿಯ ಭೂವಿಜ್ಞಾನಿ ಪರೀಕ್ಷೆಗೆ ಬಿಎಸ್ಸಿ ಸಾಲದು, ಎಂಎಸ್ಸಿ ಬೇಕೇ ಬೇಕು ಅಂದೆ. 2019ರಿಂದ ತಾಂತ್ರಿಕ ಕೆಲಸದ ಹೆಣ್ಣುಮಕ್ಕಳು ಹಗಲು ಹೊತ್ತು ಗಣಿಯೊಳಗೂ ಇಳಿಯಬಹುದು ಅಂದೆ. ಅಷ್ಟಕ್ಕೇ ಯಜಮಾನರು ಟವೆಲ್ ಕೊಡವಿ ಎದ್ದರು.

ಎರಡನೇ ಸಲ ಅವರೊಬ್ಬರನ್ನೇ ಕರೆದೆ. ಟೀ ಕುಡಿಯುತ್ತಾ ಮಳೆ, ಶೇಂಗಾ ಅಂತ ಮಾತಾಡಿದೆವು. ಆಮೇಲೆ ಬಂತು ನಿಜ.

"ಮೇಡಂ, ನಮ್ಮ ಹೊಲಕ್ಕೂ ಒಬ್ಬ ಜಿಯಾಲಜಿಸ್ಟ್ ನೀರು ಹುಡುಕೋ ಮೀಟರ್ ಹಿಡ್ಕೊಂಡು ಬಂದಿದ್ದ. ಪಾಯಿಂಟ್ ಹಾಕ್ದ. ಆರ್ನೂರು ಅಡಿ, ಬರೀ ಧೂಳು. ಸಾಲ ಇನ್ನೂ ತೀರಿಲ್ಲ. ಅದೇ ವಿದ್ಯೆ ನನ್ ಮಗಳೂ ಕಲೀಬೇಕಾ?"

ಬೋರು ಫೇಲಾಗಿದ್ದು ಮಗಳಿಗೆ ಗೊತ್ತಿತ್ತು. ಪಾಯಿಂಟ್ ಹಾಕಿದ್ದು ಯಾರು ಅನ್ನೋದು ಗೊತ್ತಿರಲಿಲ್ಲ.

ಅವಳನ್ನು ಬೇರೆಯಾಗಿ ಕೇಳಿದೆ: ಓದಬೇಕಾ, ಇಲ್ಲಾ ಸುಮ್ನೆ ಮನೆ ಬಿಟ್ಟು ಹೋಗಬೇಕಾ? (ಈ ಪ್ರಶ್ನೆ ಎಲ್ಲರಿಗೂ ಕೇಳುತ್ತೇನೆ. ಎರಡನೆಯದೂ ತಪ್ಪಲ್ಲ.) ಅವಳು ಮರಡಿಹಳ್ಳಿಗೆ ಹೋಗಿ ಬಂದ ಕಥೆ ಹೇಳಿದಳು. ನೀರಿನಡಿ ಉಕ್ಕಿದ ಲಾವಾ ದಿಂಬು ದಿಂಬಾಗಿ ಗಟ್ಟಿಯಾಗಿರುವ ಜಾಗ ಅದು. "ಈ ಬರದ ಊರು ಒಂದು ಕಾಲಕ್ಕೆ ಸಮುದ್ರದಡಿ ಇತ್ತು ಮೇಡಂ" ಅನ್ನುವಾಗ ಅವಳ ದನಿಯೇ ಬೇರೆ. ನನಗೆ ಉತ್ತರ ಸಿಕ್ಕಿತು.

ಸಲಹೆ ಕೊಟ್ಟೆ: ಕೆಲಸದ ಪಟ್ಟಿ ಬದಿಗಿಡು. ಆ ಬೋರು ಯಾಕೆ ಫೇಲಾಗಿರಬಹುದು, ಅದನ್ನ ಅಪ್ಪನಿಗೆ ಹೇಳು. ಬಂದವನನ್ನು ಬೈಯಬೇಡ, ಸಮರ್ಥಿಸಲೂ ಬೇಡ.

ಮುಂದಿನ ವಾರ ಬ್ಯಾಗಿನಿಂದ ಬಿರುಕು ಬಿಟ್ಟ ಕಲ್ಲೊಂದನ್ನು ತೆಗೆದು ಅಪ್ಪನ ಕೈಗಿಟ್ಟಳು. "ನಮ್ಮ ಕಡೆ ನೀರು ಇರೋದು ಈ ಬಿರುಕಲ್ಲಿ ಅಪ್ಪಾಜಿ, ಗಟ್ಟಿ ಕಲ್ಲಲ್ಲಲ್ಲ. ಬಿರುಕಲ್ಲಿ ಜೇಡಿ ತುಂಬಿದ್ರೂ ಮೀಟರ್‌ಗೆ ನೀರಿನ ಥರಾನೇ ಕಾಣುತ್ತೆ. ಇದೆ ಅಂತ ಗ್ಯಾರಂಟಿ ಕೊಟ್ಟಿದ್ದೇ ತಪ್ಪು." ಅವರು ಬಿರುಕಿನ ಮೇಲೆ ಉಗುರು ಆಡಿಸುತ್ತಾ ಕೂತರು.

ಉಳಿದದ್ದು ಬೇಗ ಮುಗಿಯಿತು. ಐಐಟಿಯ ಎಂಎಸ್ಸಿ ಸೀಟಿಗೆ ಫೆಬ್ರವರಿಯ ಜಾಮ್ ಪ್ರವೇಶ ಪರೀಕ್ಷೆ ಬರೆಯುವುದು, ಧಾರವಾಡ, ಮೈಸೂರಿಗೂ ಅರ್ಜಿ ಹಾಕುವುದು. ಎಲ್ಲೂ ಆಗದಿದ್ದರೆ ಬಿಎಡ್. ಈ ಕೊನೆಯದನ್ನು ಅವಳ ಬಾಯಿಂದಲೇ ಹೇಳಿಸಿದೆ.

"ಅರ್ಜಿ ಹಾಕ್ಲಿ," ಅಂದರು ಯಜಮಾನರು. "ಗಣಿ ಮಾತು ಮಾತ್ರ ಈಗ ಬೇಡ."

ನಾನೂ ಎತ್ತಲಿಲ್ಲ.