"ನನ್ನ ಹಾಲು ಸಾಕಾಗ್ತಿಲ್ಲ ಮೇಡಂ"

ತಾಯಿಯ ಒಪ್ಪಿಗೆ ಪಡೆದು ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ.

ಮಗು ಹುಟ್ಟಿ 19 ದಿನವಾಗಿತ್ತು. ಚೊಚ್ಚಲ ಹೆರಿಗೆ, ಹೆಣ್ಣು ಮಗು, ತವರಿನಲ್ಲಿ ಬಾಣಂತನ. ಗಂಡನಿಗೆ ಬೇರೆ ಊರಿನಲ್ಲಿ ಕೆಲಸ. ಶನಿವಾರ ರಾತ್ರಿ ಬಸ್ ಹತ್ತಿ ಬರುತ್ತಾರೆ, ಭಾನುವಾರ ರಾತ್ರಿ ಹೊರಡುತ್ತಾರೆ. ಆವತ್ತು ತಾಯಿ, ಗಂಡ, ಅಜ್ಜಿ ಮೂವರೂ ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದರು. ಕೂಸು ಅಜ್ಜಿಯ ತೊಡೆ ಮೇಲೆ ನಿದ್ದೆ ಹೋಗಿತ್ತು. ಕೂತ ಕೂಡಲೇ ತಾಯಿ ಹೇಳಿದ ಮಾತು ಇದು: "ನನ್ನ ಹಾಲು ಸಾಕಾಗ್ತಿಲ್ಲ ಮೇಡಂ."

ಹೇಗೆ ಗೊತ್ತಾಯಿತು ಅಂತ ಕೇಳಿದೆ. ಸಂಜೆ ಆರಕ್ಕೆ ಅಳು ಶುರುವಾದರೆ ರಾತ್ರಿ ಹನ್ನೊಂದಾದರೂ ನಿಲ್ಲುವುದಿಲ್ಲ. ಕುಡಿಸಿ ಮಲಗಿಸಿದ ಹತ್ತೇ ನಿಮಿಷಕ್ಕೆ ಮತ್ತೆ ಬಾಯಿ ಹುಡುಕುತ್ತದೆ. ಎದೆ ಮೊದಲಿನ ಹಾಗೆ ಗಟ್ಟಿ ಇಲ್ಲ, ಮೆತ್ತಗಾಗಿದೆ. ನೋಡಲು ಬಂದವರೆಲ್ಲ "ಹಾಲು ಇದೆಯಾ?" ಅಂತಲೇ ಕೇಳುತ್ತಾರೆ. ಅತ್ತೆ ಫೋನಿನಲ್ಲಿ ಪುಡಿ ಹಾಲು ಕೊಡಿ ಅಂದರು. ನಾಲ್ಕು ದಿನದಿಂದ ರಾತ್ರಿ ಎರಡು ಬಾಟಲಿ ನಡೆಯುತ್ತಿತ್ತು. ಇತ್ತ ಅಜ್ಜಿ ಬಜೆ ತೇಯ್ದು ನೆಕ್ಕಿಸುತ್ತಿದ್ದರು, ಜೊತೆಗೆ ಗ್ರೈಪ್ ವಾಟರ್.

ನಾನು ಆಗ ಏನೂ ಹೇಳಲಿಲ್ಲ. ಹೆರಿಗೆ, ಮಗುವಿನ ತೂಕ, ಲಸಿಕೆಯ ವಿವರ ಬರೆದಿಡುವ 'ತಾಯಿ ಕಾರ್ಡ್' ಕೊಡಿ ಅಂದೆ.

ಹುಟ್ಟಿದಾಗ ತೂಕ 2.9 ಕಿಲೋ. ಐದನೇ ದಿನ 2.7. ಈ ಸಂಖ್ಯೆ ನೋಡಿದ ದಿನವೇ ತಾಯಿಯ ಧೈರ್ಯ ಕುಸಿದಿತ್ತು. ಆದರೆ ಹುಟ್ಟಿದ ಮೊದಲ ದಿನಗಳಲ್ಲಿ ಬಹುತೇಕ ಎಲ್ಲ ಮಕ್ಕಳೂ ಸ್ವಲ್ಪ ಇಳಿಯುತ್ತಾರೆ. ನೂರಕ್ಕೆ ಏಳರವರೆಗೆ ಇಳಿಯುವುದು ಸಾಮಾನ್ಯ, ಹತ್ತು ದಾಟಿದರೆ ವೈದ್ಯರು ತಕ್ಷಣ ನೋಡಬೇಕು. ಹತ್ತರಿಂದ ಹದಿನಾಲ್ಕು ದಿನದೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳುತ್ತಾರೆ. ಹದಿನಾಲ್ಕನೇ ದಿನ, ಅಂದರೆ ಬಾಟಲಿ ಶುರುವಾಗುವ ಮುಂಚೆ, ಮನೆಗೆ ಬಂದ ಆಶಾ ಕಾರ್ಯಕರ್ತೆ ತೂಗಿ ಬರೆದಿದ್ದರು: 2.96. ಒಂಬತ್ತು ದಿನದಲ್ಲಿ 260 ಗ್ರಾಂ. ದಿನಕ್ಕೆ ಇಪ್ಪತ್ತರಿಂದ ಮೂವತ್ತು ಗ್ರಾಂ ಏರಿದರೆ ಸಾಕು. ಕೂಸು ಅಷ್ಟನ್ನೂ ಬರೀ ಎದೆಹಾಲಿನಲ್ಲೇ ಏರಿಸಿಕೊಂಡಿತ್ತು.

"ದಿನಕ್ಕೆ ಎಷ್ಟು ಸಲ ಉಚ್ಚೆ ಮಾಡುತ್ತೆ?" ಅಂದೆ. ತಾಯಿಗೂ ಗಂಡನಿಗೂ ಗೊತ್ತಿರಲಿಲ್ಲ. "ನಿನ್ನೆ ಒಂಬತ್ತು ಬಟ್ಟೆ ಒಗೆದಿದೀನಿ" ಅಂದರು ಅಜ್ಜಿ. ಮೊದಲ ವಾರ ಕಳೆದ ಮೇಲೆ ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ಉಚ್ಚೆ ಮಾಡಿ, ತೂಕವೂ ಏರುತ್ತಿದ್ದರೆ ಹಾಲು ಸಾಕಾಗುತ್ತಿದೆ ಅಂತ ಅರ್ಥ. ಅಳುವನ್ನು ಹಿಡಿದು ಹಾಲನ್ನು ಅಳೆಯಬಾರದು. ಒಗೆದ ಬಟ್ಟೆಯ ಲೆಕ್ಕದಿಂದ ಅಳೆಯಿರಿ ಅಂದೆ. ತಾಯಿ ಆ ಕಾರ್ಡನ್ನು ತುಂಬಾ ಹೊತ್ತು ನೋಡುತ್ತಾ ಕೂತರು.

ಸಂಜೆಯ ಅಳುವಿನ ವಿಷಯ ಬಿಡಿಸಿ ಹೇಳಿದೆ. ಎರಡನೇ ವಾರದ ಹೊತ್ತಿಗೆ ಅಳು ಏರತೊಡಗುತ್ತದೆ, ಸುಮಾರು ಆರನೇ ವಾರಕ್ಕೆ ಅತಿ ಜಾಸ್ತಿ, ಮೂರು ನಾಲ್ಕು ತಿಂಗಳಿಗೆ ತಾನೇ ಇಳಿಯುತ್ತದೆ. ಸಂಜೆ ಮಕ್ಕಳು ಮೇಲಿಂದ ಮೇಲೆ ಕುಡಿಯುತ್ತಾರೆ. ದಿನಕ್ಕೆ ಎಂಟರಿಂದ ಹನ್ನೆರಡು ಸಲ ಕುಡಿಯುವುದು ಈ ವಯಸ್ಸಿಗೆ ಸರಿಯೇ. ಎದೆ ಮೆತ್ತಗಾಗುವುದು ಹಾಲು ಬತ್ತಿದ್ದಕ್ಕಲ್ಲ, ಮಗು ಎಷ್ಟು ಕುಡಿಯುತ್ತದೋ ಅಷ್ಟಕ್ಕೆ ದೇಹ ಹೊಂದಿಕೊಂಡಿದೆ. ಮಗು ಹೀರಿದಷ್ಟೂ ಹಾಲು ಬರುತ್ತದೆ. ಬಾಟಲಿ ಕುಡಿದು ಮಗು ಮಲಗಿದರೆ ಹೀರುವುದು ಕಡಿಮೆಯಾಗಿ ಹಾಲೂ ನಿಜಕ್ಕೂ ಕಡಿಮೆಯಾಗುತ್ತದೆ. ಸುಳ್ಳು ಭಯ ಹೀಗೇ ನಿಜವಾಗಿಬಿಡುತ್ತದೆ, ಅದೇ ನನಗೆ ಬೇಸರ.

ಆದರೆ ಆಕೆಯ ಮುಖದಲ್ಲಿ ಹಾಲಿನ ಚಿಂತೆಯಷ್ಟೇ ಇರಲಿಲ್ಲ. ಉಳಿದಿಬ್ಬರನ್ನು ಸ್ವಲ್ಪ ಹೊತ್ತು ಹೊರಗೆ ಕೂರಲು ಕೇಳಿಕೊಂಡೆ.

ಬಾಗಿಲು ಮುಚ್ಚಿದ ಮೇಲೆ ಹೇಳಿದರು. ಮೂರು ದಿನದ ಹಿಂದೆ, ರಾತ್ರಿ ಎರಡು ಗಂಟೆ. ಅಮ್ಮ ಸುಸ್ತಾಗಿ ಮಲಗಿದ್ದರು. ಕೂಸು ಅಳುತ್ತಲೇ ಇತ್ತು. "ಒಂದು ಕ್ಷಣ ನನ್ನ ಕೈ ಬಿಗಿಯಾಯ್ತು ಮೇಡಂ. ಕುಲುಕಿಬಿಡ್ತೀನೇನೋ ಅನ್ನಿಸ್ತು. ಹಾಸಿಗೆ ಮೇಲೆ ಹಾಕಿ ಬಚ್ಚಲಿಗೆ ಹೋಗಿ ನಿಂತೆ. ನಾನು ಎಂಥ ತಾಯಿ?"

ನೀವು ಮಾಡಿದ್ದು ಸರಿ ಅಂತ ಹೇಳಿದೆ. ಸಮಾಧಾನಕ್ಕೆ ಹೇಳಿದ ಮಾತಲ್ಲ ಅದು. ಹಸುಗೂಸಿನ ಕುತ್ತಿಗೆಗೆ ಬಲ ಇರುವುದಿಲ್ಲ. ಜೋರಾಗಿ ಕುಲುಕಿದರೆ ಮಿದುಳಿನೊಳಗೆ ರಕ್ತಸ್ರಾವವಾಗಬಹುದು, ಜೀವವೇ ಹೋಗಬಹುದು. ಸಹನೆ ಮೀರುತ್ತಿದೆ ಅನ್ನಿಸಿದರೆ ಮಗುವನ್ನು ತೊಟ್ಟಿಲಲ್ಲಿ ಅಂಗಾತ ಮಲಗಿಸಿ ಐದು ನಿಮಿಷ ಹೊರಗೆ ಬನ್ನಿ. ನೀರು ಕುಡಿಯಿರಿ, ಯಾರನ್ನಾದರೂ ಎಬ್ಬಿಸಿ. ಅಷ್ಟು ಹೊತ್ತು ಅತ್ತರೆ ಮಗುವಿಗೆ ಏನೂ ಆಗುವುದಿಲ್ಲ.

ಆಮೇಲೆ ಎಡಿನ್‌ಬರೋ ಮಾಪನದ ಹತ್ತು ಪ್ರಶ್ನೆ ಕೇಳಿದೆ. ಹೆರಿಗೆಯ ನಂತರದ ಖಿನ್ನತೆ ಇರಬಹುದಾ ಅಂತ ತಿಳಿಯಲು ಬಳಸುವುದು. 14 ಬಂತು, ಖಿನ್ನತೆ ಇರಬಹುದು ಅನ್ನುವಷ್ಟು ಹೆಚ್ಚು. ಜೀವಕ್ಕೆ ಹಾನಿ ಮಾಡಿಕೊಳ್ಳುವ ಯೋಚನೆ ಇಲ್ಲ ಅಂದರು. ಆ ಪ್ರಶ್ನೆಯನ್ನು ಎರಡು ಸಲ, ಬೇರೆ ಬೇರೆ ಮಾತಿನಲ್ಲಿ ಕೇಳಿದೆ. ಹೆರಿಗೆಯಾದ ಮೊದಲ ಎರಡು ವಾರ ಸುಮ್ಮಸುಮ್ಮನೆ ಅಳು ಬರುವುದು ಎಷ್ಟೋ ಬಾಣಂತಿಯರಿಗೆ ಇದ್ದದ್ದೇ. ಎರಡು ವಾರ ದಾಟಿಯೂ ಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಅದೇ ವಾರ ಮನೋವೈದ್ಯರನ್ನು ನೋಡುವಂತೆ ಪತ್ರ ಬರೆದುಕೊಟ್ಟೆ. ಮಧ್ಯರಾತ್ರಿಗೆ ಬೇಕಾದರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಕೊಟ್ಟೆ, ಕನ್ನಡದಲ್ಲೇ ಮಾತಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗವೇ ಇದೆ, ನಿಮಗೊಬ್ಬರಿಗೇ ಹೀಗಾಗಿದ್ದರೆ ಅದು ಯಾಕೆ ಇರುತ್ತಿತ್ತು ಅಂದೆ. ಮೊದಲ ಸಲ ಜೋರಾಗಿ ಅತ್ತರು.

ಅವರ ಅನುಮತಿ ಪಡೆದು ಇಬ್ಬರನ್ನೂ ಒಳಗೆ ಕರೆದೆ. ಬಚ್ಚಲಲ್ಲಿ ನಿಂತ ಆ ರಾತ್ರಿಯನ್ನು ತಾಯಿಯೇ ಹೇಳಿದರು. ಗಂಡ ತಲೆ ತಗ್ಗಿಸಿದರು. ಅಜ್ಜಿ ಸ್ವಲ್ಪ ಹೊತ್ತು ಬಿಟ್ಟು, "ನೀನು ಹುಟ್ಟಿದಾಗ ನನಗೂ ಹಿಂಗೇ ಆಗಿತ್ತು. ಯಾರಿಗೂ ಹೇಳಿರಲಿಲ್ಲ" ಅಂದರು.

ಮುಂದಿನ ಸಲಹೆ ಮುಖ್ಯವಾಗಿ ಆ ಇಬ್ಬರಿಗೆ. ರಾತ್ರಿ ತಾಯಿಗೆ ಒಂದೇ ಸಮ ನಾಲ್ಕು ಗಂಟೆ ನಿದ್ದೆ ಸಿಗಲೇಬೇಕು. ನಿದ್ದೆಗೆಟ್ಟ ಮನಸ್ಸಿಗೆ ಯಾವ ಬುದ್ಧಿಮಾತೂ ತಲುಪುವುದಿಲ್ಲ. ಒಂಬತ್ತಕ್ಕೆ ಕುಡಿಸಿ ತಾಯಿ ಬೇರೆ ಕೋಣೆಯಲ್ಲಿ ಮಲಗಲಿ. ಮಧ್ಯೆ ಎದ್ದರೆ ಹಿಂಡಿಟ್ಟ ಎದೆಹಾಲನ್ನು ಅಜ್ಜಿ ಒಳಲೆಯಲ್ಲಿ ಕುಡಿಸಲಿ. ಗಂಡನಿಗೆ ರಜೆ ಸಿಕ್ಕಷ್ಟು ದಿನ ರಾತ್ರಿ ಪಾಳಿ ಅವರದು. ತೇಗು ಬರಿಸುವುದು, ಬಟ್ಟೆ ಬದಲಿಸುವುದು, ಎದೆಗೆ ಅಪ್ಪಿ ಓಡಾಡುವುದು ತಂದೆಗೂ ಬರುತ್ತದೆ, ಅಲ್ವಾ? ಬಾಟಲಿಯನ್ನು ಮಕ್ಕಳ ವೈದ್ಯರನ್ನು ಕೇಳಿ ಒಂದೊಂದಾಗಿ ಬಿಡಿಸಲು ಹೇಳಿದೆ, ಎರಡು ದಿನದಲ್ಲಿ 21ನೇ ದಿನಕ್ಕೆ ಆಶಾ ಬಂದಾಗ ಮತ್ತೆ ತೂಗಿಸಬೇಕು. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಅನ್ನುವ ಮಾತು ಬಿಡಿ, ಬಾಯಾರಿದಷ್ಟು ಕುಡಿಯಲಿ.

ಅಜ್ಜಿಯ ಎದುರು ಬಜೆಯ ಮಾತು ಎತ್ತುವುದು ಕಷ್ಟ. ಅವರು ಪ್ರೀತಿಯಿಂದಲೇ ಮಾಡಿದ್ದು. ಆರು ತಿಂಗಳವರೆಗೆ ಎದೆಹಾಲು, ವೈದ್ಯರು ಬರೆದುಕೊಟ್ಟ ಔಷಧಿ ಬಿಟ್ಟು ನೀರು, ಜೇನು, ಬಜೆ, ಗ್ರೈಪ್ ವಾಟರ್ ಯಾವುದೂ ಬೇಡ ಅಂದೆ. ಕಾಡಿಗೆಯಲ್ಲಿ ಸೀಸ ಇರಬಹುದು, ಕಣ್ಣಿಗೆ ಬೇಡ. ದೃಷ್ಟಿ ಬೊಟ್ಟನ್ನು ತೊಟ್ಟಿಲಿಗೆ ಇಡಿ ಅಂದಾಗ ಅಜ್ಜಿ ಒಪ್ಪಿದರು. ಮೊದಲ ವಾರ ಕೂಸಿನ ಲಂಗೋಟಿಯಲ್ಲಿ ಒಂದೆರಡು ತೊಟ್ಟು ರಕ್ತ ಕಂಡು ಅವರು ಹರಕೆ ಹೊತ್ತಿದ್ದರಂತೆ. ತಾಯಿಯ ಹಾರ್ಮೋನಿನಿಂದ ಹೆಣ್ಣು ಮಕ್ಕಳಿಗೆ ಹಾಗಾಗುವುದುಂಟು, ತಾನೇ ನಿಲ್ಲುತ್ತದೆ.

ಯಾವಾಗ ಕಾಯದೆ ಆಸ್ಪತ್ರೆಗೆ ಓಡಬೇಕು ಅನ್ನುವುದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಟ್ಟೆ. ಜ್ವರ 100.4 ಡಿಗ್ರಿ ಮುಟ್ಟಿದರೆ. ಮೈ ತಣ್ಣಗಾದರೆ. ಕುಡಿಯುವುದನ್ನು ಬಿಟ್ಟು ಎಬ್ಬಿಸಿದರೂ ಏಳದಿದ್ದರೆ. ಉಸಿರು ನಿಮಿಷಕ್ಕೆ ಅರವತ್ತು ದಾಟಿದರೆ ಅಥವಾ ಪಕ್ಕೆ ಒಳಗೆ ಸೆಳೆದರೆ. ಫಿಟ್ಸ್ ಬಂದರೆ. ಕಾಮಾಲೆಯ ಹಳದಿ ಬಣ್ಣ ಅಂಗೈ, ಅಂಗಾಲಿಗೆ ಇಳಿದರೆ. ಹೊಕ್ಕುಳ ಸುತ್ತ ಕೆಂಪಾಗಿ ಕೀವು ಕಂಡರೆ.

42ನೇ ದಿನ, ಆರು ವಾರದ ಲಸಿಕೆ ಹಾಕಿಸಿ ನೇರ ನನ್ನ ಹತ್ತಿರ ಬಂದರು. ತೂಕ 3.8. ಬಾಟಲಿ ನಿಂತಿದೆ. ಸಂಜೆಯ ಅಳು ಇನ್ನೂ ಜೋರಾಗಿಯೇ ಇದೆ. ಮನೋವೈದ್ಯರು ಔಷಧಿ ಸದ್ಯಕ್ಕೆ ಬೇಡ, ತಿಂಗಳು ಬಿಟ್ಟು ನೋಡೋಣ ಅಂದಿದ್ದಾರೆ. ಹತ್ತು ಪ್ರಶ್ನೆ ಮತ್ತೆ ಕೇಳಿದೆ, 8 ಬಂತು. ಮೂರನೇ ತಿಂಗಳಿಗೆ ಗಂಡನ ಮನೆಗೆ ಹೊರಡಬೇಕು. ಅಲ್ಲಿ ರಾತ್ರಿ ಎರಡಕ್ಕೆ ಯಾರು ಏಳುವುದು ಅಂತ ಇನ್ನೂ ತೀರ್ಮಾನವಾಗಿಲ್ಲ. ಮುಂದಿನ ಭೇಟಿಗೆ ಅತ್ತೆಯನ್ನೂ ಕರೆದುಕೊಂಡು ಬರಲು ಹೇಳಿದ್ದೇನೆ.