‘ಹೂಮಳೆ’ ಕತೆ ಕಳಿಸಿದ ಗೆಳೆಯರಿಗೆ

ಪ್ರಿಯ ಗೆಳೆಯರೇ,

ನಿಮ್ಮ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ಸುಮ್ನೆ ಎರಡು ಸಾಲು ಗೀಚಿ ವಾಪಸ್ ಕಳಿಸಲು ಮನಸ್ಸು ಬರಲಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮಡಿಕೇರಿ ಹತ್ತಿರದ ನಾಲ್ಕು ಹುಡುಗರು ‘ಹೂಮಳೆ’ ಅಂತ ರಾಕ್ ಬ್ಯಾಂಡ್ ಕಟ್ಟುತ್ತಾರೆ. ಅವರಲ್ಲೊಬ್ಬನಾದ ಬೋಪಣ್ಣನ ಕಾಫಿ ತೋಟದ ಪಲ್ಪರ್ ಶೆಡ್ಡಿನಲ್ಲಿ, ಅಂದರೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರ ಇಟ್ಟ ಜಾಗದಲ್ಲಿ, ಪ್ರಾಕ್ಟೀಸು. ದಸರೆಗೆ ಗಾಂಧಿ ಮೈದಾನದಲ್ಲಿ ಹಾಡುತ್ತಾರೆ, ಜನ ಹುಚ್ಚೆದ್ದು ಕುಣಿಯುತ್ತಾರೆ. ಆಮೇಲೆ ಬೆಂಗಳೂರು, ಹೆಸರು, ದುಡ್ಡು. ಕೊನೆಗೆ ಒಂದು ರಾತ್ರಿ ಜಗಳ. ಬೋಪಣ್ಣ ಗಿಟಾರನ್ನು ಅಬ್ಬಿ ಜಲಪಾತಕ್ಕೆ ಎಸೆಯುವಲ್ಲಿಗೆ ಕತೆ ಮುಗಿಯುತ್ತದೆ. ಹನ್ನೆರಡು ಪುಟದ ಕತೆಯಲ್ಲಿ ಬ್ಯಾಂಡ್ ಒಡೆಯುವುದಕ್ಕೆ ಸಿಕ್ಕಿದ್ದು ಅರ್ಧ ಪುಟ. ಕಾರಣ ಅಂತ ಕೊಟ್ಟಿದ್ದು ಒಂದೇ ವಾಕ್ಯ: ‘ಅವರ ನಡುವೆ ಅಹಂಕಾರ ಅಡ್ಡ ಬಂತು.’

ಇದನ್ನು ನಾನು ನಂಬಲಿಲ್ಲ. ಇಂಗ್ಲೆಂಡಿನ ರಾಕ್ ಬ್ಯಾಂಡ್ ಬೀಟಲ್ಸ್ ಬೇರೆಯಾದದ್ದಕ್ಕೂ ಜನ ಹೀಗೇ ಒಂದು ಮಾತಿನಲ್ಲಿ ಕಾರಣ ಹೇಳಿಬಿಡುತ್ತಾರೆ. ಅವರ ಮ್ಯಾನೇಜರ್ ಬ್ರಯಾನ್ ಎಪ್‌ಸ್ಟೀನ್ 1967ರಲ್ಲಿ ತೀರಿಕೊಂಡರು. ಇನ್ನು ವ್ಯವಹಾರ ಯಾರ ಕೈಗೆ ಕೊಡಬೇಕು ಅನ್ನುವ ತಕರಾರು ಬೆಳೆಯುತ್ತಾ ಹೋಯಿತು. 1970ರ ಕೊನೆಯ ದಿನ ಬ್ಯಾಂಡಿನ ಪಾಲ್ ಮೆಕಾರ್ಟ್ನಿ ಪಾಲುದಾರಿಕೆ ಮುರಿಯಲು ಲಂಡನ್ನಿನ ಕೋರ್ಟಿಗೆ ಹೋದರು. ಅಷ್ಟು ದೊಡ್ಡ ಬ್ಯಾಂಡಿನ ಜಗಳದಲ್ಲೂ ಲೆಕ್ಕಪತ್ರ ಇತ್ತು, ಅಲ್ವಾ? ನಿಮ್ಮ ಹುಡುಗರ ಲೆಕ್ಕ ಯಾರ ಹತ್ತಿರ ಇದೆ? ಆಂಪ್ಲಿಫೈಯರ್ ಯಾರ ದುಡ್ಡಿನದು?

ಉತ್ತರ ನಿಮ್ಮ ಕತೆಯಲ್ಲೇ ಇದೆ. ಎರಡನೇ ಪುಟದಲ್ಲಿ, ಕೀಬೋರ್ಡ್ ನುಡಿಸುವ, ಹಾಡು ಬರೆಯುವ ಪ್ರವೀಣ ‘ಅದೇ ತೋಟದ ಲೈನ್‌ಮನೆಯವನು’ ಎಂದು ಬರೆದು ಮುಂದೆ ಹೋಗಿದ್ದೀರಿ. ಲೈನ್‌ಮನೆ ಅಂದರೆ ತೋಟದ ಆಳುಗಳ ಸಾಲುಮನೆ. ಆ ಸಾಲು ಓದಿ ನಾನು ನಿಂತುಬಿಟ್ಟೆ. ಅವನ ಅಮ್ಮ ಬೋಪಣ್ಣನ ಅಪ್ಪನ ತೋಟದಲ್ಲಿ ಕಾಫಿ ಕುಯ್ಯುತ್ತಾಳೆ. ಆಂಪ್ಲಿಫೈಯರ್ ಬಂದಿರುವುದು ಅದೇ ಕಾಫಿ ದುಡ್ಡಿನಿಂದ. ಶೆಡ್ಡಿನ ಬೀಗದ ಕೈ ಬೋಪಣ್ಣನ ಜೇಬಿನಲ್ಲಿರುತ್ತದೆ. ಪೋಸ್ಟರಿನಲ್ಲಿ ದೊಡ್ಡದಾಗಿ ಇರುವ ಹೆಸರೂ ಬೋಪಣ್ಣನದೇ. ಪ್ರವೀಣ ಇದನ್ನೆಲ್ಲ ಮೊದಲ ದಿನದಿಂದ ನೋಡುತ್ತಿದ್ದಾನೆ. ನೀವು ಮಾತ್ರ ನೋಡಿಲ್ಲ.

ಇನ್ನೊಂದು ಮಾತು. ಜನವರಿ ಇಡೀ ಆ ಶೆಡ್ಡಿನಲ್ಲಿ ಪ್ರಾಕ್ಟೀಸು ಅಂತ ಬರೆದಿದ್ದೀರಿ. ಜನವರಿಯಲ್ಲಿ ಪಲ್ಪರ್ ಶೆಡ್ ಖಾಲಿ ಇರುತ್ತದಾ? ಅರೇಬಿಕಾ ಕಾಫಿಯ ಕುಯ್ಲು ಮುಗಿಯುತ್ತಾ ಬಂದಿರುತ್ತದೆ, ರೋಬಸ್ಟಾ ಕಾಫಿಯ ಕುಯ್ಲು ಶುರುವಾಗಿರುತ್ತದೆ, ಕಣದ ತುಂಬ ಕಾಫಿ ಹರಡಿರುತ್ತದೆ. ಅಕಾಲದಲ್ಲಿ ಮೋಡ ಕಟ್ಟಿತು ಅಂದರೆ ಮನೆಯವರು, ಆಳುಗಳು ಎಲ್ಲರೂ ಟಾರ್ಪಾಲ್ ಹಿಡಿದು ಓಡುತ್ತಾರೆ. ಆ ಸಂಜೆಯೇ ಮೈಸೂರಿನಲ್ಲಿ ಬ್ಯಾಂಡಿನ ಕಾರ್ಯಕ್ರಮ ಇದೆ ಅಂತಿಟ್ಟುಕೊಳ್ಳಿ. ವ್ಯಾನ್ ಗೇಟಿನ ಹತ್ತಿರ ನಿಂತಿದೆ. ಬೋಪಣ್ಣ ಗಿಟಾರ್ ಹಿಡಿದು ಹತ್ತಿ ಕೂತಿದ್ದಾನೆ. ಪ್ರವೀಣನ ಅಮ್ಮ ಒಬ್ಬಳೇ ಟಾರ್ಪಾಲಿನ ತುದಿ ಎಳೆಯುತ್ತಿದ್ದಾಳೆ. ಪ್ರವೀಣ ವ್ಯಾನ್ ಹತ್ತಬೇಕಾ, ಕಣಕ್ಕೆ ಇಳಿಯಬೇಕಾ? ಇದನ್ನು ಬರೆದರೆ ‘ಅಹಂಕಾರ’ ಅನ್ನುವ ಪದವೇ ನಿಮಗೆ ಬೇಕಾಗುವುದಿಲ್ಲ. ಗಿಟಾರ್ ಎಸೆಯುವ ದೃಶ್ಯ ಸಿನಿಮಾದ್ದು, ತೆಗೆದುಹಾಕಿ.

ಸಣ್ಣಪುಟ್ಟ ತಪ್ಪುಗಳೂ ಇವೆ. ಡ್ರಮ್ ಬಾರಿಸುವ ಕುಶಾಲ ಮಳೆಗಾಲದಲ್ಲಿ ಡ್ರಮ್ಮಿನ ಚರ್ಮವನ್ನು ಬೆಂಕಿಗೆ ಹಿಡಿದು ಬಿಸಿ ಮಾಡುತ್ತಾನೆ. ಈಗಿನ ಡ್ರಮ್ ಸೆಟ್ಟಿಗೆ ಹಾಕುವುದು ಪ್ಲಾಸ್ಟಿಕ್ ಹಾಳೆ. ಥಂಡಿಗೆ ಅದು ಸಡಿಲವಾಗುವುದಿಲ್ಲ, ಬೆಂಕಿಗೆ ಹಿಡಿದರೆ ಹಾಳಾಗುತ್ತದೆ. ಬಿಸಿ ಬೇಕಾಗುವುದು ಕೊಡವರ ಪುಟ್ಟ ಕೈವಾದ್ಯ ದುಡಿಯಂಥ ಚರ್ಮವಾದ್ಯಕ್ಕೆ. ದುಡಿಯ ವಿಷಯ ಬಂದಿದ್ದಕ್ಕೆ ಹೇಳುತ್ತೇನೆ: ದುಡಿ ಬಾರಿಸುತ್ತಾ ಹಾಡುವ ಕೊಡವರ ದುಡಿಕೊಟ್ಟ್ ಪಾಟಿನಲ್ಲೂ ನಾಲ್ಕೇ ಜನ. ಇಬ್ಬರು ಒಂದು ಸಾಲು ಹಾಡಿದರೆ ಉಳಿದಿಬ್ಬರು ಅದನ್ನೇ ತಿರುಗಿ ಹಾಡುತ್ತಾರೆ. ಬೋಪಣ್ಣ ಇದನ್ನು ಕೇಳುತ್ತಲೇ ಬೆಳೆದಿರುತ್ತಾನೆ. ಪ್ರವೀಣ ಬರೆದ ಸಾಲನ್ನು ಇವರಲ್ಲಿ ತಿರುಗಿ ಹಾಡುವವರು ಯಾರು? ಸ್ವಲ್ಪ ಯೋಚನೆ ಮಾಡಿ.

ಮಾತುಗಳೂ ನನಗೆ ಸರಿ ಕಾಣಲಿಲ್ಲ. ನಾಲ್ವರೂ ಟಿವಿ ಧಾರಾವಾಹಿಯ ಕನ್ನಡದಲ್ಲಿ ಜಗಳವಾಡುತ್ತಾರೆ. ಬೋಪಣ್ಣನ ಮನೆಮಾತು ಕೊಡವ ತಕ್ಕ್, ಕುಶಾಲನದು ಅರೆಭಾಷೆ. ಸಿಟ್ಟು ನೆತ್ತಿಗೇರಿದಾಗ ಬಾಯಿಗೆ ಬರುವುದು ಮನೆಮಾತೇ. ಒಂದೆರಡು ಕಡೆ ಬಂದರೆ ಸಾಕು, ಓದುಗರಿಗೆ ಅರ್ಥವಾಗುತ್ತದೆ.

ಬ್ಯಾಂಡಿನ ಹೆಸರು ನನಗೆ ತುಂಬ ಇಷ್ಟವಾಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ವಾರ, ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಆ ಘಮ ರಸ್ತೆವರೆಗೂ ಬರುತ್ತದೆ. ಆಮೇಲೆ ಬ್ಯಾಕಿಂಗ್ ಮಳೆ, ಅಂದರೆ ಹೂವಾದ ಮೇಲೆ ಬರಬೇಕಾದ ಎರಡನೇ ಮಳೆ, ಕೈಕೊಟ್ಟರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ನೀವು ಇದನ್ನು ಕತೆಯಲ್ಲಿ ಬಿಡಿಸಿ ಹೇಳಿಲ್ಲ. ಒಳ್ಳೆಯದೇ ಆಯಿತು, ಮುಂದೆಯೂ ಹೇಳಬೇಡಿ.

ಎರಡು ಸಲ ಓದುವ ಹಾಗೆ ಮಾಡಿದ್ದು ಹನೀಫನ ಪ್ಯಾರಾ. ಜುಲೈ ತಿಂಗಳು, ಕರೆಂಟ್ ಹೋಗಿ ಮೂರು ದಿನ. ಬೇಸ್ ಗಿಟಾರಿನ ತಂತಿಗೆ ತುಕ್ಕು ಹಿಡಿದಿದೆ. ಹಳೇ ಬನಿಯನ್ ತುಂಡಿಗೆ ತೆಂಗಿನೆಣ್ಣೆ ಹಚ್ಚಿಕೊಂಡು ಅವನು ಒಂದೊಂದೇ ತಂತಿ ಒರೆಸುತ್ತಾನೆ. ಊಟಕ್ಕೆ ಕೂತಾಗ ಬೆರಳ ತುದಿ ಕಂದಾಗಿರುವುದು ನೋಡಿ ಅಮ್ಮ, ‘ಇನ್ನೊಂದು ಸಲ ತೊಳೆದು ಬಾ’ ಅನ್ನುತ್ತಾಳೆ. ಅಷ್ಟೇ. ಆ ಹುಡುಗನಿಗೆ ಬ್ಯಾಂಡ್ ಅಂದರೆ ಏನು ಅಂತ ನನಗೆ ಅಲ್ಲೇ ಗೊತ್ತಾಯಿತು.

ಅವಸರ ಬೇಡ. ಈ ಸಲದ ಕುಯ್ಲು ಮುಗಿಯಲಿ. ಕಣದ ಹತ್ತಿರ ನಾಲ್ಕು ಸಂಜೆ ನಿಂತು ನೋಡಿ, ಆಮೇಲೆ ಕೂತು ಬರೆಯಿರಿ. ದಸರೆಯ ಕುಣಿತ ಒಂದು ಪುಟಕ್ಕೆ ಇಳಿಯಲಿ. ಬೆಂಗಳೂರಿನ ಮೂರು ಪುಟ ಪೂರ್ತಿ ಹೋದರೂ ಪರವಾಗಿಲ್ಲ. ತಿದ್ದಿದ ಪ್ರತಿಯನ್ನು ನನಗೇ ಕಳಿಸಿ, ಕಾಯುತ್ತಿರುತ್ತೇನೆ. ಹನೀಫನ ಪ್ಯಾರಾದಲ್ಲಿ ಮಾತ್ರ ಒಂದಕ್ಷರವನ್ನೂ ಮುಟ್ಟಬೇಡಿ.

ಪ್ರೀತಿಯಿಂದ,
ಸಂಪಾದಕ